ನೀಲಗಿರಿ ಮರದ ತವರು ಮತ್ತು ನಮ್ಮ ನಾಲ್ಕೂವರೆ ಎಕರೆ



ಬರುವ ಸರ್ವ ಸದಸ್ಯರ ಸಭೆಯ ವಿಷಯ ಪಟ್ಟಿಯಲ್ಲಿ ಏಳನೆಯದಾಗಿ ಒಂದು ಸಾಲಿನ ವಿಷಯವನ್ನು ಸೇರಿಸಲಾಗಿದೆ. "ಗೋದಾಮಿನ ಹಿಂಬದಿಯ ನಾಲ್ಕೂವರೆ ಎಕರೆ ನೀಲಗಿರಿ ತೋಪಿನ ವಿಲೇವಾರಿ." ಈ ಸಾಲನ್ನು ಬರೆದವನು ನಾನೇ. ಬರೆಯುವಾಗ ಇದರಲ್ಲಿ ಗೊಂದಲಕ್ಕೆ ಎಡೆಯಿದೆ ಎಂದು ಹೊಳೆಯಲಿಲ್ಲ. ಪತ್ರ ಕೈಸೇರಿದ ಮೂರೇ ದಿನದಲ್ಲಿ ಇಬ್ಬರು ಸದಸ್ಯರು ಕಛೇರಿಗೆ ಬಂದರು. ಒಬ್ಬರು ವಿಲೇವಾರಿ ಎಂದರೆ ಹರಾಜು ಹಾಕಿ ಮರ ಮಾರುವುದು, ಕೂಳೆ ಉಳಿಸಿಕೊಂಡು ಮತ್ತೆ ಬೆಳೆಸುವುದು ಎಂದು ತಿಳಿದಿದ್ದರು. ಇನ್ನೊಬ್ಬರು ವಿಲೇವಾರಿ ಎಂದರೆ ಬೊಡ್ಡೆಸಮೇತ ಕಿತ್ತು ಆ ಶನಿಯನ್ನು ಸಂಘದ ಗಡಿಯಿಂದ ಆಚೆ ಹಾಕುವುದು ಎಂದು ತಿಳಿದು, ನನ್ನ ಕೈ ಕುಲುಕಲು ಬಂದಿದ್ದರು. ಇಬ್ಬರಿಗೂ ಕಾಫಿ ತರಿಸಿ ಕೊಟ್ಟು ಕಳುಹಿಸಿದೆ. ಆದರೆ ಸಭೆಯಲ್ಲಿ ಇಬ್ಬರೂ ಎದ್ದು ನಿಂತರೆ ಕಾಫಿಯಿಂದ ಕೆಲಸ ಆಗುವುದಿಲ್ಲವಾದ್ದರಿಂದ ಕಾರ್ಯದರ್ಶಿಯಾಗಿ ಅಲ್ಲದಿದ್ದರೂ ಒಬ್ಬ ಸದಸ್ಯನಾಗಿ ನನ್ನ ಅಭಿಪ್ರಾಯವನ್ನು ಮುಂಚಿತವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ತಿಳುವಳಿಕೆಯನ್ನು ಸರಿಪಡಿಸಬೇಕು. ನೀಲಗಿರಿ ಎಂಬ ಹೆಸರಿನಿಂದಾಗಿ ಈ ಮರ ಊಟಿಯ ಬೆಟ್ಟದಲ್ಲಿ ಹುಟ್ಟಿದ್ದು, ಅಲ್ಲಿಂದ ಗುಂಡ್ಲುಪೇಟೆ ಮಾರ್ಗವಾಗಿ ನಮ್ಮ ಕಡೆಗೆ ಇಳಿದು ಬಂದದ್ದು ಎಂದು ನಂಬಿದವರು ನಮ್ಮಲ್ಲಿ ಬಹಳ. ಭಾರತದಲ್ಲಿ ಹುಟ್ಟಿದ ನೀಲಗಿರಿ ಜಾತಿ ಒಂದೂ ಇಲ್ಲ. ಯೂಕಲಿಪ್ಟಸ್ ವಂಶದಲ್ಲಿ ಆರೇಳು ನೂರು ಜಾತಿಗಳಿದ್ದು, ಬೆರಳೆಣಿಕೆಯಷ್ಟನ್ನು ಬಿಟ್ಟರೆ ಎಲ್ಲವೂ ಆಸ್ಟ್ರೇಲಿಯಾ ಖಂಡಕ್ಕೆ ಸೇರಿದವು. ಊಟಿಯ ಕಡೆಗೆ 1843ರ ಸುಮಾರಿಗೆ ತಂದು ನೆಟ್ಟದ್ದು ಬ್ಲೂ ಗಮ್, ಅಂದರೆ ಯೂಕಲಿಪ್ಟಸ್ ಗ್ಲಾಬ್ಯುಲಸ್. ಅದರ ತವರು ಟಾಸ್ಮೇನಿಯಾ ದ್ವೀಪ ಮತ್ತು ಅದರ ಎದುರಿನ ವಿಕ್ಟೋರಿಯಾ ಪ್ರಾಂತ. ಚಳಿಯನ್ನು ಕೇಳುವ ಮರ ಅದು. ನೆಗಡಿಗೆ ಮೂಗಿಗೆ ಹಚ್ಚುವ ಎಣ್ಣೆ ಬರುವುದು ಅದರಿಂದ. ನಮ್ಮ ಬಿಳಿಕೆರೆ, ಹುಣಸೂರಿನ ಬಯಲಿನಲ್ಲಿ ಅದು ಬದುಕುವುದಿಲ್ಲ. ನಮ್ಮ ಅಜ್ಜಿಯರು ತೋಪಿನ ಎಲೆ ತಂದು ಕುದಿಸಿ ಮಕ್ಕಳಿಗೆ ಹಬೆ ಕೊಡುತ್ತಿದ್ದರಲ್ಲ, ಅದರಲ್ಲಿ ಆ ಎಣ್ಣೆಯ ಅಂಶ ಕಡಿಮೆಯೇ. ಆದರೂ ನೆಗಡಿ ವಾಸಿಯಾಗುತ್ತಿತ್ತು. ನೆಗಡಿ ಹೇಗೂ ವಾರದಲ್ಲಿ ವಾಸಿಯಾಗುತ್ತದೆ.

ನಮ್ಮ ತೋಪಿನಲ್ಲಿರುವುದು ಮೈಸೂರು ಗಮ್ ಎಂದು ಅರಣ್ಯದವರು ಕರೆಯುವ ತಳಿ. ಇದರ ಮೂಲ ನಂದಿಬೆಟ್ಟ. ಟಿಪ್ಪು ಸುಲ್ತಾನನು 1790ರ ಸುಮಾರಿಗೆ ಬೀಜ ತರಿಸಿ ಅಲ್ಲಿ ಹದಿನಾರು ಜಾತಿಗಳನ್ನು ನೆಡಿಸಿದನೆಂದು ಹೇಳಿಕೆ. ಆ ಮರಗಳ ಸಂತಾನದಿಂದ ಆರಿಸಿದ ಬೀಜವೇ 1950ರ ದಶಕದಿಂದ ಈಚೆಗೆ ಮೈಸೂರು ರಾಜ್ಯದ ಒಣ ಬಯಲುಗಳಲ್ಲೆಲ್ಲ ಹರಡಿತು. ಬೇರೆ ಜಾತಿಯ ಬೆರಕೆ ಇದ್ದರೂ ಇದು ಬಹುಮಟ್ಟಿಗೆ ಯೂಕಲಿಪ್ಟಸ್ ಟೆರೆಟಿಕಾರ್ನಿಸ್ ಎಂಬ ಜಾತಿ. ಲ್ಯಾಟಿನ್ನಿನಲ್ಲಿ ಗುಂಡನೆಯ ಕೊಂಬು ಎಂದರ್ಥ. ಹೂವಿನ ಮೊಗ್ಗಿನ ಮೇಲೆ ಕೊಂಬಿನಂತಹ ಒಂದು ಟೋಪಿ ಇರುತ್ತದೆ, ಅರಳುವಾಗ ಅದು ಉದುರಿಬೀಳುತ್ತದೆ. ಮಕ್ಕಳಾಗಿದ್ದಾಗ ನಾವು ಅದನ್ನು ಆರಿಸಿ ಬೆರಳ ತುದಿಗೆ ಹಾಕಿಕೊಂಡು ಆಡಿದ್ದೇವೆ. ಈ ಹೆಸರನ್ನು ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಜೇಮ್ಸ್ ಎಡ್ವರ್ಡ್ ಸ್ಮಿತ್ ಕೊಟ್ಟದ್ದು 1795ರಲ್ಲಿ. ಟಿಪ್ಪುವಿನ ಕಥೆ ನಿಜವಾಗಿದ್ದು, ಆ ಹದಿನಾರರಲ್ಲಿ ಇದೂ ಇದ್ದಿದ್ದರೆ, ಶಾಸ್ತ್ರದಲ್ಲಿ ಹೆಸರಿಡುವ ಮೊದಲೇ ಅದು ನಮ್ಮ ರಾಜ್ಯದ ನೀರು ಕುಡಿಯಲು ಆರಂಭಿಸಿತ್ತು ಎನ್ನಬೇಕು!

ಈ ಜಾತಿಯನ್ನು ಅದರ ತವರಿನಲ್ಲಿ ನೋಡುವ ಅವಕಾಶ ನನಗೆ 2019ರಲ್ಲಿ ಒದಗಿತು. ನನ್ನ ತಂಗಿಯ ಮಗ ಬ್ರಿಸ್ಬೇನ್ ನಗರದಲ್ಲಿ ಕೆಲಸದಲ್ಲಿದ್ದಾನೆ. ಮಗುವಿನ ನಾಮಕರಣಕ್ಕೆ ಕರೆಸಿಕೊಂಡಿದ್ದ. ಮನೆಯ ಹತ್ತಿರ ಒಂದು ಹಳ್ಳ ಹರಿಯುತ್ತದೆ. ಬೆಳಿಗ್ಗೆ ತಿರುಗಾಡಲು ಹೋದಾಗ ಅದರ ದಡದಲ್ಲಿ ಒಂದು ಮರದ ಮುಂದೆ ನಿಂತುಬಿಟ್ಟೆ. ಇಬ್ಬರು ಕೈಚಾಚಿ ಹಿಡಿದರೂ ತಬ್ಬಲಾರದ ಬುಡ. ಬುಡದಲ್ಲಿ ಆಳೆತ್ತರ ಕರಿಯ ಒರಟು ತೊಗಟೆ, ಅಲ್ಲಿಂದ ಮೇಲೆ ಬಿಳಿ, ಬೂದಿ, ತಿಳಿನೀಲಿ ತೇಪೆ ಹಾಕಿದಂತಹ ನುಣುಪು ಕಾಂಡ. ಅರವತ್ತು ಎಪ್ಪತ್ತು ಅಡಿಯ ಮೇಲೆ ಮೊದಲ ಕೊಂಬೆ.

"ಇದು ಯಾವ ಮರವಪ್ಪಾ?" ಎಂದು ಕೇಳಿದೆ.

"ಇಲ್ಲಿಯವರು ಇದನ್ನೂ ಬ್ಲೂ ಗಮ್ ಅಂತಾರೆ ಮಾವ. ಪುಸ್ತಕದಲ್ಲಿ ಫಾರೆಸ್ಟ್ ರೆಡ್ ಗಮ್ ಅಂತಿದೆ" ಎಂದು ಫೋನಿನಲ್ಲಿ ಹುಡುಕಿ ಶಾಸ್ತ್ರೀಯ ಹೆಸರನ್ನೂ ಓದಿದ. ಟೆರೆಟಿಕಾರ್ನಿಸ್. ನಮ್ಮ ಗೋದಾಮಿನ ಹಿಂದಿನ ಗಳಗಳ ಸ್ವಂತ ದಾಯಾದಿ!

ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಸಸ್ಯಶಾಸ್ತ್ರ ಒಂದು ವಿಷಯವಾಗಿತ್ತು. ಆದರೂ ನಾನು ಅಂದಿನವರೆಗೆ ನೀಲಗಿರಿ ಮರವನ್ನು ನೋಡಿಯೇ ಇರಲಿಲ್ಲ ಎನ್ನಿಸಿತು. ನಾವು ಇಲ್ಲಿ ನೋಡುವುದು ಆರೇಳು ವರ್ಷದ ಹುಡುಗು ಗಳಗಳನ್ನು. ಅದೂ ಒಂದರ ಭುಜಕ್ಕೆ ಒಂದು ತಾಗುವಂತೆ ನಿಲ್ಲಿಸಿದ್ದನ್ನು. ಅಲ್ಲಿ ಈ ಮರ ನೂರೈವತ್ತು ಅಡಿಗೂ ಮೀರಿ ಬೆಳೆಯುತ್ತದೆ, ನೂರಾರು ವರ್ಷ ಬಾಳುತ್ತದೆ. ಮುದಿಯಾದಂತೆ ಕೊಂಬೆ ಮುರಿದ ಜಾಗದಲ್ಲಿ ಪೊಟರೆ ಬೀಳುತ್ತದೆ. ಆ ಪೊಟರೆಗೆ ಗಿಳಿ, ಗೂಬೆ, ಹಾರುವ ಅಳಿಲಿನಂತಹ ಪ್ರಾಣಿಗಳು ಸೇರಿಕೊಳ್ಳುತ್ತವೆ. ಹೂ ಬಿಟ್ಟಾಗ ಮಕರಂದಕ್ಕೆ ಬಣ್ಣದ ಗಿಳಿಗಳೂ ರಾತ್ರಿ ಬಾವಲಿಗಳೂ ಮುತ್ತುತ್ತವೆ. ಕೊವಾಲಾ ಎಂಬ ಕರಡಿಮರಿಯಂತಹ ಪ್ರಾಣಿಗೆ ಈ ಜಾತಿಯ ಎಲೆ ಬಲು ಪ್ರಿಯವಾದ ಆಹಾರ. ಅದು ಹತ್ತಿಳಿದ ಉಗುರಿನ ಗೀರುಗಳನ್ನು ಕಾಂಡದ ಮೇಲೆ ಹುಡುಗ ತೋರಿಸಿದ. ಎಲೆಯನ್ನು ತಿನ್ನುವ ಹುಳುಗಳು ಬೇರೆ ಲೆಕ್ಕವಿಲ್ಲದಷ್ಟಿವೆ. ನಮ್ಮಲ್ಲಿ ಹಸು ಮೂಸಿಯೂ ನೋಡದ ಎಲೆ ಅಲ್ಲಿ ಊಟದ ಎಲೆ.

ಇನ್ನೊಂದು ವಿಷಯ ನನ್ನನ್ನು ಯೋಚನೆಗೆ ಹಚ್ಚಿತು. ಮರದ ಕೆಳಗೆ ಮೊಣಕಾಲೆತ್ತರ ಹುಲ್ಲು ಇತ್ತು. ನಮ್ಮ ಬ್ರಹ್ಮಗಿರಿಯ, ಬಾಬಾಬುಡನ್ ಗಿರಿಯ ಹುಲ್ಲುಗಾವಲಲ್ಲಿ ಇರುವಂತಹ ಥೆಮೇಡಾ ಕುಲದ ಹುಲ್ಲೇ ಅಲ್ಲಿಯೂ ಇದೆ. ನೀಲಗಿರಿ ಕೆಳಗೆ ಹುಲ್ಲು ಹುಟ್ಟುವುದಿಲ್ಲ ಎಂದು ನಾವು ಶಾಪ ಹಾಕುತ್ತೇವೆ. ಹುಟ್ಟುತ್ತದೆ. ಅಲ್ಲಿ ಮರದಿಂದ ಮರಕ್ಕೆ ಮೂವತ್ತು ನಲವತ್ತು ಅಡಿ ಅಂತರ ಇದ್ದುದನ್ನು ನಾನೇ ಹೆಜ್ಜೆ ಹಾಕಿ ಅಳೆದೆ. ನಮ್ಮಲ್ಲಿ ಆರಡಿ, ಏಳಡಿ. ಅದರ ಮೇಲೆ ಉದುರಿದ ತರಗನ್ನೂ ಗುಡಿಸಿ ಒಲೆಗೆ ಒಯ್ಯುತ್ತೇವೆ. ಹುಲ್ಲು ಎಲ್ಲಿಂದ ಬಂದೀತು?

ಅಂದರೆ ಅದು ಅಲ್ಲಿ ಹಳ್ಳದ ದಡದ, ಹೊಳೆಯ ಬಯಲಿನ ಮರ. ವಿಕ್ಟೋರಿಯಾದ ಪೂರ್ವ ಅಂಚಿನಿಂದ ಹಿಡಿದು ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್ ಕರಾವಳಿಯುದ್ದಕ್ಕೆ, ಸಮುದ್ರ ದಾಟಿ ಪಪುವಾ ನ್ಯೂಗಿನಿಯವರೆಗೆ ಅದರ ಸಹಜ ನೆಲೆ. ಆಗಾಗ ನೆರೆ ಬಂದು ಮೆಕ್ಕಲು ಕೂರುವ ಆಳವಾದ ಮಣ್ಣು ಅದಕ್ಕೆ ಇಷ್ಟ. ನೀರು ಇರುವಾಗ ಧಾರಾಳವಾಗಿ ಕುಡಿಯುವುದು, ಇಲ್ಲದಾಗ ಬೇರನ್ನು ಆಳಕ್ಕೆ ಕಳುಹಿಸಿ ಹುಡುಕುವುದು ಅದರ ಹುಟ್ಟುಗುಣ. ಎಲೆಗಳನ್ನು ಕೆಳಮುಖವಾಗಿ ಇಳಿಬಿಟ್ಟು ಬಿಸಿಲಿನ ಹೊಡೆತ ತಪ್ಪಿಸಿಕೊಳ್ಳುತ್ತದೆ. ಬೆಂಕಿ ಬಿದ್ದರೆ, ಕಡಿದರೆ, ಬುಡದಿಂದ ಮತ್ತೆ ಚಿಗುರುತ್ತದೆ. ನಾವು ಮೆಚ್ಚಿದ ಕೂಳೆಯ ಗುಣ ಅದು ತನ್ನ ನೆಲದ ಕಾಳ್ಗಿಚ್ಚಿಗಾಗಿ ಇಟ್ಟುಕೊಂಡ ಉಪಾಯ.

ಆ ಹೊಳೆ ಬಯಲಿನ ಕಾಡುಗಳನ್ನು ಅಲ್ಲಿಯ ರೈತರು ಕಳೆದ ಇನ್ನೂರು ವರ್ಷದಲ್ಲಿ ಬಹುಪಾಲು ಕಡಿದು ದನದ ಹುಲ್ಲುಗಾವಲು ಮಾಡಿಕೊಂಡರು. ಉಳಿದ ತುಂಡುಗಳನ್ನು ಈಗ ಸರ್ಕಾರ ಅಳಿವಿನಂಚಿನ ಕಾಡು ಎಂದು ಪಟ್ಟಿಗೆ ಸೇರಿಸಿ ಕಾಯುತ್ತಿದೆ. ಕೊವಾಲಾವನ್ನು 2022ರಲ್ಲಿ ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ಮತ್ತು ರಾಜಧಾನಿ ಪ್ರದೇಶದಲ್ಲಿ ಅಪಾಯದಲ್ಲಿರುವ ಪ್ರಾಣಿ ಎಂದು ಘೋಷಿಸಿದರು. ನಾವು ಇಲ್ಲಿ ಜೆಸಿಬಿ ತರಿಸಿ ಕೀಳಿಸುವ ಮರದ ಸಸಿಯನ್ನು ಅಲ್ಲಿ ಶಾಲೆಯ ಮಕ್ಕಳು ಹಳ್ಳದ ದಡದಲ್ಲಿ ನೆಟ್ಟು ಸುತ್ತ ಬಲೆ ಕಟ್ಟುವುದನ್ನು ಕಣ್ಣಾರೆ ಕಂಡೆ.

ಇನ್ನು ನಮ್ಮ ಕಡೆಗೆ ಬರೋಣ. ಮೈಸೂರಿನಿಂದ ಹುಣಸೂರಿಗೆ ಹೋಗುವ ಬಸ್ಸಿನಲ್ಲಿ ಬಿಳಿಕೆರೆ ಕಡೆ ಕಿಟಕಿಯ ಪಕ್ಕ ಕುಳಿತವರಿಗೆಲ್ಲ ಅರಬಿತಿಟ್ಟಿನ ಕಾಡು ಗೊತ್ತು. 1985ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದ, ಸುಮಾರು ಹದಿಮೂರು ಚದರ ಕಿಲೋಮೀಟರಿನ ಸಣ್ಣ ಕಾಡು. ಅದರೊಳಗೆ ಕುರುಚಲು ಕಾಡೂ ಇದೆ, ಶ್ರೀಗಂಧದ ನೆಡುತೋಪೂ ಇದೆ, ನೀಲಗಿರಿ ನೆಡುತೋಪೂ ಇದೆ. ಈ ಮರದ ಬಗ್ಗೆ ವಾದ ಮಾಡುವವರು ಪುಸ್ತಕ ಓದುವುದಕ್ಕಿಂತ ಆ ರಸ್ತೆಯಲ್ಲಿ ಒಮ್ಮೆ ನಿಧಾನವಾಗಿ ಸಾಗಿ ನೋಡಬೇಕೆಂದು ನನ್ನ ಸಲಹೆ. ಕಗ್ಗಲಿ, ಚುಜ್ಜಲು, ದಿಂಡಿಗ, ಮುತ್ತುಗ ಇರುವ ಕಡೆ ಹಕ್ಕಿಯ ಗಲಾಟೆ ಇರುತ್ತದೆ, ನವಿಲು ಕೂಗುತ್ತದೆ. ನೀಲಗಿರಿ ಸಾಲಿನ ಎದುರಿಗೆ ಬಂದಾಗ ಕೇಳಿಸುವುದು ತರಗೆಲೆಯ ಸದ್ದು ಮಾತ್ರ. ಮರದ್ದು ತಪ್ಪಲ್ಲ. ಅದನ್ನು ತಿನ್ನುವವರು, ಅದರಲ್ಲಿ ಗೂಡು ಮಾಡುವವರು, ಅದಕ್ಕೆ ಹೊಂದಿಕೊಂಡವರು ಎಲ್ಲರೂ ಸಮುದ್ರದ ಆಚೆ ಉಳಿದುಬಿಟ್ಟರು.

ಹಾಗೆಂದು ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎಂದು ಹೇಳಲು ಹೊರಟರೆ ನಾವು ಬೆಳೆಗಾರರು ಬಾಯಿ ಮುಚ್ಚಿಕೊಳ್ಳಬೇಕಾಗುತ್ತದೆ. ಕಾಫಿ ಇಥಿಯೋಪಿಯಾದ್ದು. ಅಡಿಕೆಯ ತವರು ಮಲಯ ಮತ್ತು ಅದರಾಚೆಯ ದ್ವೀಪಗಳ ಕಡೆ. ನಾವು ಮೂರು ಹೊತ್ತು ಮುದ್ದೆ ಮಾಡಿ ಉಣ್ಣುವ ರಾಗಿಯೂ ಆಫ್ರಿಕಾದಿಂದ ಬಂದದ್ದೇ. ಇನ್ನು ಕಾಫಿ ತೋಟದ ಸಿಲ್ವರ್ ಮರ, ಅದಕ್ಕೆ ಹಬ್ಬಿಸಿದ ಮೆಣಸಿನಿಂದ ಪಿರಿಯಾಪಟ್ಟಣದ ಪಶ್ಚಿಮದ ಎಷ್ಟು ಸಂಸಾರ ನಡೆಯುತ್ತಿದೆ! ಆ ಸಿಲ್ವರ್ ಸಹ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ಕರಾವಳಿಯ ಮರವೇ. ನೀಲಗಿರಿಯ ಊರಿನವನೇ. ಒಬ್ಬನನ್ನು ಅಳಿಯನೆಂದು ಮಣೆ ಹಾಕಿ ಇನ್ನೊಬ್ಬನನ್ನು ಕಳ್ಳನೆಂದು ಕಟ್ಟಿಹಾಕಿದ್ದೇವೆ.

ಆದ್ದರಿಂದ ಪರದೇಶಿ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಎಲ್ಲಿ ನೆಟ್ಟೆವು, ಎಷ್ಟು ಒತ್ತಾಗಿ ನೆಟ್ಟೆವು, ಯಾರ ಲಾಭಕ್ಕೆ ನೆಟ್ಟೆವು ಎನ್ನುವುದನ್ನು ನೋಡಬೇಕು.

1983ರ ಸುಮಾರಿಗೆ ವಿಶ್ವಬ್ಯಾಂಕಿನ ಸಹಾಯದ ಸಾಮಾಜಿಕ ಅರಣ್ಯ ಯೋಜನೆ ಬಂದಾಗ ಊರೂರಿನಲ್ಲಿ ಸಸಿ ಹಂಚಿದರು. ನನ್ನ ತಂದೆಯವರೂ ಬೆಟ್ಟದ ಇಳಿಜಾರಿನ ಮೂರು ಎಕರೆ ಹುರುಳಿ ಹೊಲಕ್ಕೆ ಗಾಡಿಯ ತುಂಬ ಸಸಿ ತಂದು ನೆಟ್ಟರು. ಆಗ ನಾನು ಹೈಸ್ಕೂಲು ಓದುತ್ತಿದ್ದೆ. ರಜೆಯಲ್ಲಿ ಗುಂಡಿ ತೋಡಿದವನು ನಾನೇ. ಕೂಲಿಯ ತೊಂದರೆ ಇಲ್ಲ, ದನ ಮೇಯುವುದಿಲ್ಲ, ಏಳು ವರ್ಷಕ್ಕೆ ಹಣ. ಒಬ್ಬ ಸಣ್ಣ ಹಿಡುವಳಿದಾರನಿಗೆ ಇದಕ್ಕಿಂತ ಬೇರೆ ಏನು ಬೇಕು? ಅದೇ 1983ರ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ಸಸಿಮಡಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹಾಕಿದರೆಂದು ಪತ್ರಿಕೆಯಲ್ಲಿ ಬಂದಾಗ ತಂದೆಯವರು, "ಕೊಟ್ಟದ್ದನ್ನ ಕಿತ್ತಾಕ್ತಾರಲ್ಲ, ಎಂಥ ಜನ" ಎಂದದ್ದು ನೆನಪಿದೆ. 1984ರಲ್ಲಿ ಸರ್ಕಾರ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಮಾಡಿ ಸುಮಾರು ಎಪ್ಪತ್ತೈದು ಸಾವಿರ ಎಕರೆ ಭೂಮಿಯನ್ನು ಅದಕ್ಕೆ ಗೊತ್ತುಮಾಡಿತು. ಊರವರು ದನ ಮೇಯಿಸುತ್ತಿದ್ದ, ಸೌದೆ ಆರಿಸುತ್ತಿದ್ದ ಭೂಮಿ ಅದು. ಶಿವರಾಮ ಕಾರಂತರಂತಹವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1987ರ ನವೆಂಬರಿನಲ್ಲಿ ಕುಸನೂರಿನಲ್ಲಿ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ನಡೆಯಿತು. ನೀಲಗಿರಿ ಕಿತ್ತರು, ಅದೇ ಜಾಗದಲ್ಲಿ ಜನಕ್ಕೆ ಬೇಕಾದ ಸಸಿ ಹಚ್ಚಿದರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ಆ ಜಗಳ ಗೋಮಾಳದ್ದು, ಹಕ್ಕಿನದ್ದು. ಮರ ಅದರಲ್ಲಿ ಸಾಕ್ಷಿಯಾಗಿ ಸಿಕ್ಕಿಕೊಂಡಿತು ಎಂದು ಈಗ ನನಗೆ ಅನ್ನಿಸುತ್ತದೆ.

ಕೊಡಗಿನ ಅಂಚಿನ ಸದಸ್ಯರಿಗೆ ಒಂದು ಮಾತು. ಮಳೆ ಹೆಚ್ಚಿರುವ ಮಲೆನಾಡಿನಲ್ಲಿ ಈ ಮರವನ್ನು ಸೋಲಿಸಿದ್ದು ಚಳವಳಿಯಲ್ಲ, ಪಿಂಕ್ ರೋಗ. ನಮ್ಮ ಕಾಫಿ ಗಿಡದ ಕೊಂಬೆಗೂ ಬರುವ ಅದೇ ಗುಲಾಬಿ ಬಣ್ಣದ ಬೂಷ್ಟು. ಅದಕ್ಕೆ ಹೆದರಿ ಅಲ್ಲಿ ಅಕೇಶಿಯಾ ನೆಟ್ಟರು. ಅದರ ಕಥೆ ಇನ್ನೊಂದು ಸಂಚಿಕೆಗೆ ಇರಲಿ.

ಈಗ ನೀರಿನ ಮಾತು. ಸಭೆಯಲ್ಲಿ ಗದ್ದಲ ಆಗುವುದಾದರೆ ಇಲ್ಲಿಯೇ.

ನೀಲಗಿರಿ ನೀರು ಕುಡಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಎಂದು ಅಳೆದು ನೋಡಿದವರು ಕಡಿಮೆ. ನಮ್ಮ ರಾಜ್ಯದಲ್ಲಿಯೇ 1980ರ ದಶಕದ ಕೊನೆಗೆ ಕರ್ನಾಟಕ ಅರಣ್ಯ ಇಲಾಖೆ ಮತ್ತು ಇಂಗ್ಲೆಂಡಿನ ಜಲವಿಜ್ಞಾನ ಸಂಸ್ಥೆ ಕೂಡಿ ಹೊಸಕೋಟೆಯಲ್ಲೂ, ಶಿವಮೊಗ್ಗ ಕಡೆಯ ದೇವಬಾಳ, ಪುರದಾಳುಗಳಲ್ಲೂ ಅಳತೆ ಮಾಡಿದವು. ಇಯಾನ್ ಕಾಲ್ಡರ್ ಎಂಬುವರು ಅದರ ಮುಂದಾಳು. ಅವರು ಕಂಡದ್ದು ನೀಲಗಿರಿಯ ವಿರೋಧಿಗಳಿಗೂ ಪೂರ್ತಿ ಒಪ್ಪಿಗೆಯಾಗಲಿಲ್ಲ, ಪರವಾದವರಿಗೂ ಆಗಲಿಲ್ಲ. ಮಣ್ಣಿನ ಆಳ ಮೂರು ಮೀಟರಿನಷ್ಟಿದ್ದ ದೇವಬಾಳ, ಪುರದಾಳುಗಳಲ್ಲಿ ನೀಲಗಿರಿ ಕುಡಿದ ನೀರು ಪಕ್ಕದ ನಾಡ ಕುರುಚಲು ಕಾಡು ಕುಡಿದಷ್ಟೇ. ಹೆಚ್ಚೂ ಕಡಿಮೆ ವರ್ಷದ ಮಳೆಯಷ್ಟು. ಆದರೆ ಎರಡೂ ರಾಗಿ ಹೊಲಕ್ಕಿಂತ ಸುಮಾರು ಎರಡು ಪಟ್ಟು ಕುಡಿದವು. ಮಣ್ಣು ಎಂಟು ಮೀಟರ್ ಆಳವಿದ್ದ ಹೊಸಕೋಟೆಯಲ್ಲಿ ಮಾತು ಬೇರೆಯಾಯಿತು. ಮಳೆ ಕಡಿಮೆಯಾದ ಮೂರು ವರ್ಷಗಳಲ್ಲಿ ಬಿದ್ದ ಮಳೆ 2,100 ಮಿಲಿಮೀಟರ್. ತೋಪು ಖರ್ಚು ಮಾಡಿದ ನೀರು, ಲೆಕ್ಕದ ಪ್ರಕಾರ, 3,400 ಮಿಲಿಮೀಟರ್. ಉಳಿದ 1,300 ಎಲ್ಲಿಂದ ಬಂತು? ಬೇರು ವರ್ಷ ವರ್ಷ ಕೆಳಕ್ಕೆ ಇಳಿದು ಹಿಂದಿನ ಕಾಲದ ಮಳೆ ಮಣ್ಣಿನಲ್ಲಿ ಕೂಡಿಟ್ಟಿದ್ದ ನೀರನ್ನು ತೆಗೆಯಿತು. ಅಂದರೆ ಬಡ್ಡಿಯನ್ನು ತಿಂದು ಅಸಲಿಗೆ ಕೈ ಹಾಕಿತು. ಸಹಕಾರ ಸಂಘದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ 1,300 ಮಿಲಿಮೀಟರನ್ನು ಒಂದು ಎಕರೆಗೆ ನಾನು ಲೆಕ್ಕ ಹಾಕಿದೆ. ಮೂರು ವರ್ಷಕ್ಕೆ ಸುಮಾರು 52 ಲಕ್ಷ ಲೀಟರ್. ಅಬ್ಬಾ ಎನ್ನುವ ಮೊದಲು ಇನ್ನೊಂದು ಲೆಕ್ಕವನ್ನೂ ಕೇಳಿ. ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕೆಂದು ಶಿಫಾರಸು. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 550 ಮರ. ದಿನಕ್ಕೆ ಹತ್ತು ಸಾವಿರ ಲೀಟರ್ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಐದು ತಿಂಗಳು ಕೊಟ್ಟರೆ 15 ಲಕ್ಷ ಲೀಟರ್, ಮೂರು ವರ್ಷಕ್ಕೆ 45 ಲಕ್ಷ. ಇದು ಹನಿ ಹಾಕಿದವರ ಲೆಕ್ಕ. ಕಾಲುವೆ ಮಾಡಿ ಹಾಯಿಸುವವರ ಲೆಕ್ಕ ನಾನು ಹೇಳುವುದಿಲ್ಲ, ಅವರಿಗೇ ಗೊತ್ತು. ನೀಲಗಿರಿ ಬೇರು ಮೂವತ್ತು ಅಡಿಯಿಂದ ಎತ್ತುತ್ತದೆ. ನಾವು ಕೊಳವೆ ಬಾವಿಯಿಂದ ಆರುನೂರು ಅಡಿಯಿಂದ ಎತ್ತುತ್ತೇವೆ. ಕಳೆದ ಹತ್ತು ಹದಿನೈದು ವರ್ಷದಲ್ಲಿ ನಮ್ಮ ಸುತ್ತಿನಲ್ಲಿ ರಾಗಿ, ಹೊಗೆಸೊಪ್ಪು ಬಿಟ್ಟು ಅಡಿಕೆ ಹಾಕಿದವರು ಎಷ್ಟು ಜನ ಎಂದು ನಮ್ಮ ಸದಸ್ಯತ್ವದ ರಿಜಿಸ್ಟರ್ ಹೇಳುತ್ತದೆ. ಅವರಲ್ಲಿ ನಾನೂ ಒಬ್ಬ. ನಮ್ಮ ಮನೆಯ ಮೂವತ್ತೆರಡು ಅಡಿಯ ತೆರೆದ ಬಾವಿ ಬತ್ತಿದಾಗ ತಂದೆಯವರು ನೆಟ್ಟ ತೋಪಿನ ಕಡೆ ಬೆರಳು ತೋರಿಸಿದೆ. ಆದರೆ ಅದಕ್ಕೆ ಎರಡು ವರ್ಷ ಮೊದಲು ಅದೇ ಬಾವಿಯಿಂದ ನೂರು ಗಜದಲ್ಲಿ ನಾನೇ ಬೋರ್ ಕೊರೆಸಿದ್ದೆ. ಯಾರು ಎಷ್ಟು ಕುಡಿದರು ಎಂದು ಬಾವಿ ಹೇಳುವುದಿಲ್ಲ. ಕೊನೆಗೆ ನನ್ನ ತೋಪನ್ನು 2014ರಲ್ಲಿ ಕೀಳಿಸಿದೆ. ಬಾವಿಗೆ ನೀರು ಬಂತೇ ಎಂದು ಕೇಳುವವರಿಗೆ ಉತ್ತರ: ಒಳ್ಳೆ ಮಳೆಯಾದ ವರ್ಷ ದೀಪಾವಳಿಯವರೆಗೆ ಬರುತ್ತದೆ, ಶಿವರಾತ್ರಿಗೆ ಇರುವುದಿಲ್ಲ.

2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು. ಒಳ್ಳೆಯದೇ. ಆದರೆ ಬೊಡ್ಡೆಯಿಂದ ಏಳುವ ಚಿಗುರು ಯಾರ ಆದೇಶವನ್ನೂ ಓದುವುದಿಲ್ಲವಾದ್ದರಿಂದ ನಮ್ಮ ನಾಲ್ಕೂವರೆ ಎಕರೆಯ ವಿಷಯವನ್ನು ನಾವೇ ತೀರ್ಮಾನಿಸಬೇಕಾಗಿದೆ.

ಆ ತೋಪಿನ ಚರಿತ್ರೆಯನ್ನು ಹೊಸ ಸದಸ್ಯರ ಸಲುವಾಗಿ ಹೇಳುತ್ತೇನೆ. ನೆಟ್ಟದ್ದು 1986. ಇದುವರೆಗೆ ನಾಲ್ಕು ಸಲ ಕಡಿದಿದ್ದೇವೆ. ಎರಡನೆಯ ಕಟಾವಿನ ಹಣದಿಂದ ಗೋದಾಮಿನ ಮೇಲ್ಛಾವಣಿ ಆಯಿತು. ಮೂರನೆಯದರಿಂದ ತೂಕದ ಯಂತ್ರ ಬಂತು. ನಾಲ್ಕನೆಯದಕ್ಕೆ ಇಳುವರಿ ಇಳಿದಿತ್ತು. ಕೂಳೆ ಮುದಿಯಾದಂತೆ ಗಳ ಸಣ್ಣದಾಗುತ್ತದೆ, ನಡುವೆ ಎಲೆಗೆ ಗಂಟು ಬರುವ ಹುಳದ ಕಾಟ ಬೇರೆ ಬಂದಿತ್ತು. ಈಗ ಐದನೆಯ ಕಟಾವಿಗೆ ಬಂದಿದೆ. ಜಮೀನಿನ ಮೇಲ್ಭಾಗ ಗರಸು ದಿಣ್ಣೆ. ಕೆಳಭಾಗ ಆಳ ಮಣ್ಣು, ಇಳಿದು ಹೋದರೆ ಕಟ್ಟೆ. ಆ ಕಟ್ಟೆಯ ಕೆಳಗೆ ನಮ್ಮ ಹನ್ನೊಂದು ಜನ ಸದಸ್ಯರ ತೋಟಗಳಿವೆ. ಯಾರಿಗೂ ನಾಲ್ಕು ಎಕರೆ ಮೀರಿಲ್ಲ.

ಕೈ ಕುಲುಕಲು ಬಂದವರ ವಿಷಯ ಹೇಳಿದೆ. ಕೂಳೆ ಉಳಿಸಬೇಕೆಂದು ಬಂದ ಹಿರಿಯರು ಹೇಳಿದ ಮಾತನ್ನೂ ಬರೆಯದಿದ್ದರೆ ನ್ಯಾಯವಾಗುವುದಿಲ್ಲ. "ನೋಡಪ್ಪಾ ಸೆಕ್ರೆಟ್ರಿ, ನನ್ನ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದು ಆ ಮರ ಕಣಪ್ಪಾ. ಹೊಗೆಸೊಪ್ಪು ಬೇಯಿಸೋಕೆ ನಾನು ಕಾಡಿಗೆ ಹೋಗಿ ಕದೀಲಿಲ್ಲ, ನಂದೇ ಗಳ ಕಡ್ದು ಉರಿ ಹಾಕ್ದೆ. ನೀವು ಓದ್ದೋರು ಬೈತೀರಿ. ನಾಳೆ ಬ್ಯಾರನ್‌ಗೆ ಸೌದೆ ಎಲ್ಲಿಂದ ತರ್‍ತೀರಿ?"

ಈ ಮಾತಿಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಒಂದು ಕಿಲೋ ಹದವಾದ ಎಲೆಗೆ ಸುಮಾರು ನಾಲ್ಕೈದು ಕಿಲೋ ಸೌದೆ ಉರಿಯುತ್ತದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಬ್ಯಾರನ್ನುಗಳಿಗೆ ತೋಪಿನ ಸೌದೆ ಇಲ್ಲದಿದ್ದರೆ ಲಾರಿಗಳು ಎತ್ತ ಕಡೆ ಮುಖ ಮಾಡುತ್ತವೆ ಎನ್ನುವುದು ನಾಗರಹೊಳೆಯ ಅಂಚಿನಲ್ಲಿ ವಾಸಿಸುವವರಿಗೆ ತಿಳಿಯದ ಗುಟ್ಟಲ್ಲ. ಕಾಡು ಉಳಿದದ್ದರಲ್ಲಿ ಈ ಬೈಗುಳ ತಿಂದ ಮರದ ಪಾಲೂ ಇದೆ. ಇದನ್ನು ನೀಲಗಿರಿ ವಿರೋಧಿ ಭಾಷಣಗಳಲ್ಲಿ ನಾನು ಕೇಳಿಲ್ಲ.

ಆದ್ದರಿಂದ ನನ್ನ ಸೂಚನೆ ಹೀಗಿದೆ. ಐದನೆಯ ಕಟಾವನ್ನು ಹರಾಜು ಹಾಕೋಣ. ಅದಾದ ಮೇಲೆ ಕಟ್ಟೆಯ ಕಡೆಯ ಆಳ ಮಣ್ಣಿನ ಎರಡು ಎಕರೆಯಲ್ಲಿ ಬೊಡ್ಡೆಗಳನ್ನು ಪೂರ್ತಿ ಕೀಳಿಸೋಣ. ಹೊಸಕೋಟೆಯ ಅಳತೆ ಅನ್ವಯಿಸುವುದು ಅಂತಹ ಮಣ್ಣಿಗೇ. ಏಪ್ರಿಲ್ ಮಳೆಗೆ ಮುಂಚೆ ಕಿತ್ತರೆ ಅದೇ ಗುಂಡಿಗಳು ಸಸಿ ಗುಂಡಿಗಳಾಗುತ್ತವೆ, ಎರಡು ಖರ್ಚು ಒಂದಾಗುತ್ತದೆ. ಅಲ್ಲಿ ಹೊಂಗೆ, ನೇರಳೆ, ಹಲಸು, ಕಟ್ಟೆಯ ಏರಿಯ ಕಡೆ ಬಿದಿರು ಹಾಕೋಣ. ಅವೂ ನೀರು ಕುಡಿಯುತ್ತವೆ, ಯಾರೂ ಮೋಸ ಹೋಗಬೇಡಿ. ಆದರೆ ಮೂವತ್ತು ಅಡಿಗೊಂದು ಮರ ನಿಂತರೆ ನಡುವೆ ಹುಲ್ಲು ಬರುತ್ತದೆ, ದನ ಮೇಯುತ್ತದೆ, ಸೊಪ್ಪು ತೋಟಕ್ಕೆ ಗೊಬ್ಬರವಾಗುತ್ತದೆ. ಇಲ್ಲಿಯೂ ಅಡಿಕೆ ಹಾಕಿ ಸಂಘಕ್ಕೆ ಆದಾಯ ಮಾಡೋಣ ಎಂದು ಆಡಳಿತ ಮಂಡಳಿಯಲ್ಲಿ ಒಂದು ಮಾತು ಬಂದಿದೆ. ಅದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ನೀಲಗಿರಿ ಕಿತ್ತ ಜಾಗದಲ್ಲಿ ಬೋರ್ ಕೊರೆಸಿ ಅಡಿಕೆ ಹಾಕುವುದಾದರೆ ನೀಲಗಿರಿಯೇ ಇರಲಿ, ಅದಕ್ಕೆ ಕರೆಂಟ್ ಬಿಲ್ಲಾದರೂ ಬರುವುದಿಲ್ಲ.

ಗರಸು ದಿಣ್ಣೆಯ ಎರಡೂವರೆ ಎಕರೆಯಲ್ಲಿ ಕೂಳೆಯನ್ನು ಇನ್ನೊಂದು ಸುತ್ತು ಬಿಡೋಣ. ಬೊಡ್ಡೆಗೆ ಒಂದೇ ಚಿಗುರು ಉಳಿಸಿ, ಎರಡು ಸಾಲಿಗೊಂದು ಸಾಲು ತೆಗೆದು, ಆ ಖಾಲಿಯಲ್ಲಿ ಅರಬಿತಿಟ್ಟಿನಲ್ಲಿ ತಾನಾಗಿ ಬೆಳೆಯುವ ದಿಂಡಿಗ, ಕಗ್ಗಲಿ, ಚುಜ್ಜಲುಗಳನ್ನು ನೆಡಬಹುದು. ಸೌದೆಯನ್ನು ಹೊರಗಿನ ವ್ಯಾಪಾರಿಗೆ ಕೊಡದೆ ಬ್ಯಾರನ್ ಇರುವ ಸದಸ್ಯರಿಗೇ ಸರದಿಯ ಮೇಲೆ ಕೊಡಬೇಕೆಂದು ಠರಾವಿನಲ್ಲಿ ಸೇರಿಸಬೇಕು.

ಒಂದು ಸಣ್ಣ ಬೇಡಿಕೆಯೂ ಇದೆ. ಮೂಲೆಯ ಗಡಿಕಲ್ಲಿನ ಹತ್ತಿರ ಆರು ಮರಗಳು ಹೇಗೋ ನಾಲ್ಕೂ ಕಟಾವಿನಲ್ಲಿ ಉಳಿದುಕೊಂಡಿವೆ. ಈಗ ಅವು ಸುಮಾರು ದಪ್ಪವಾಗಿವೆ. ಅವನ್ನು ಹರಾಜಿನ ಪಟ್ಟಿಯಿಂದ ಬಿಡಬೇಕು. ಬ್ರಿಸ್ಬೇನಿನ ಹಳ್ಳದ ದಡದಲ್ಲಿ ಕಂಡದ್ದರ ಕಾಲುಭಾಗವಾದರೂ ಆಗುತ್ತದೋ ಏನೋ, ನೋಡುವ ಆಸೆ. ಜೇನು ಕಟ್ಟಿದರೆ ಅದು ಸಂಘದ ಆಸ್ತಿ.

ಬೊಡ್ಡೆ ಕೀಳಿಸುವ ಯಂತ್ರದ ಬಾಡಿಗೆಗೆ ಮೂವರಿಂದ ದರಪಟ್ಟಿ ತರಿಸಿದ್ದೇನೆ. ಕಛೇರಿಯ ಗೋಡೆಗೆ ಹಚ್ಚಿದೆ. ಸಭೆಗೆ ಮುಂಚಿನ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ತೋಪಿನ ಬಳಿ ಇರುತ್ತೇನೆ. ಕಟ್ಟೆಯ ಕೆಳಗಿನ ಹನ್ನೊಂದು ಜನ ಸದಸ್ಯರು ತಪ್ಪದೆ ಬರಬೇಕೆಂದೂ, ಕೂಳೆ ಉಳಿಸಬೇಕೆನ್ನುವವರು ಅವರಿಗಿಂತ ಮೊದಲೇ ಬರಬೇಕೆಂದೂ ವಿನಂತಿ.